ಹಿಂಬದಿಯ ಮುಚ್ಚಳ

ಅಥವಾ ಡಯಲ್ಲು ಕಪ್ಪೇ ಇತ್ತೋ ಏನೋ. ನೆನಪಿನಲ್ಲಿ ಅದು ನೀಲಿ. ಆದರೆ ರಾಯಬಾಗದ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ನನ್ನ ಮುಂದಿಟ್ಟ ಆ ವಾಚು ಎಷ್ಟೋ ದಿನ ಕೃಷ್ಣೆಯ ನೀರಿನಲ್ಲಿ ಇದ್ದದ್ದು. ಗಾಜಿನೊಳಗೆ ಕೆಸರು ಒಣಗಿತ್ತು. ಬಣ್ಣ ನನಗೆ ಕಂಡಿರಲು ಸಾಧ್ಯವಿಲ್ಲ. ನೀಲಿಯನ್ನು ಆಮೇಲೆ ನಾನೇ ತುಂಬಿಕೊಂಡಿರಬೇಕು.

ಎಲ್ಲರ ಕೈಗೂ ಮೊಬೈಲು ಬಂದು, ಚಾವಿ ಕೊಡುವ ವಾಚುಗಳು ಕಪಾಟು ಸೇರುತ್ತಿದ್ದ ವರ್ಷಗಳು ಅವು. ನಾನು ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಗುಮಾಸ್ತ. ರಜೆ ಬಂದರೆ ಅಥಣಿ, ಕಾಗವಾಡ, ನಿಪ್ಪಾಣಿ ಎಂದು ಹಳೆಯ ವಾಚು ಹುಡುಕಿಕೊಂಡು ತಿರುಗುತ್ತಿದ್ದೆ. ವಾಚಿನ ಗುರುತು ಇರುವುದು ಮುಖದಲ್ಲಲ್ಲ, ಬೆನ್ನಿನಲ್ಲಿ. ರಿಪೇರಿಯವರು ಹಿಂಬದಿಯ ಮುಚ್ಚಳದ ಒಳಮೈಗೆ ಸೂಜಿಯಿಂದ ತಮ್ಮದೊಂದು ಗೀಟು, ತಿಂಗಳು, ವರ್ಷ ಕೊರೆದಿಡುತ್ತಾರೆ. ಆ ಗೀಟು ನೋಡಿ ಯಾವ ಊರಿನವನ ಕೈ ಎಂದು ಹೇಳುತ್ತಿದ್ದೆ. ಅದರಿಂದಲೇ ಸ್ವಲ್ಪ ಹೆಸರಾಗಿತ್ತು.

ಭೋಜ ಎಂಬ ಹಳ್ಳಿಯ ಒಬ್ಬರು, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ತೂಕ ಮಾಡುತ್ತಿದ್ದವರು, ತಮ್ಮ ಮದುವೆಯ ವಾಚು ಎಷ್ಟು ಹಳೆಯದೆಂದು ತಿಳಿಯಲು ನನ್ನ ಬಳಿ ಬಿಟ್ಟುಹೋಗಿದ್ದರು. ತೆರೆದು ನೋಡಿದೆ. ವಾಚಿನ ಕಾರ್ಖಾನೆ ಶುರುವಾದ ಮೊದಲ ವರ್ಷಗಳ ಮುಚ್ಚಳ, ಒಳಗೆ ನಿಪ್ಪಾಣಿಯ ರಿಪೇರಿಯವರ ನಾಲ್ಕೈದು ಗೀಟು. ನನ್ನ ಹತ್ತಿರ ಅದೇ ನಮೂನೆಯ ವಾಚು ಇತ್ತು, ಮುಚ್ಚಳ ಮಾತ್ರ ಬೇರೆಯದು. ಅವರ ಮುಚ್ಚಳವನ್ನು ನನ್ನದಕ್ಕೆ ತೆಗೆದುಕೊಂಡೆ. ಡಬ್ಬಿಯಲ್ಲಿದ್ದ ಹತ್ತಾರು ಬಿಡಿ ಮುಚ್ಚಳಗಳಲ್ಲಿ ಕೂತದ್ದನ್ನು ಅವರ ವಾಚಿಗೆ ಒತ್ತಿದೆ. ಕೇಳಲಿಲ್ಲ. ಒಳಗೆ ಯಾರು ನೋಡುತ್ತಾರೆ ಅಂದುಕೊಂಡೆ. ಅವರು ಬಂದು, ಕೈಗೆ ಕಟ್ಟಿಕೊಂಡು, ಎರಡೆರಡು ಸಲ ನಮಸ್ಕಾರ ಮಾಡಿ ಹೋದರು.

ಒಂದೆರಡು ವರ್ಷಕ್ಕೆ ಅವರು ಕಾಣೆಯಾದರು. ಬೆಳಿಗ್ಗೆ ದೂಧಗಂಗೆ ಹೊಳೆಯ ಕಡೆ ಹೋದವರು ತಿರುಗಿ ಬರಲಿಲ್ಲ. ಮೂರು ವಾರದ ಮೇಲೆ, ಆ ಹೊಳೆ ಹೋಗಿ ಸೇರುವ ಕೃಷ್ಣೆಯ ದಂಡೆಯಲ್ಲಿ ಒಂದು ಹೆಣ ಸಿಕ್ಕಿತು. ಮುಖವಿರಲಿಲ್ಲ, ಬಟ್ಟೆಯೂ ಇರಲಿಲ್ಲ. ಪೊಲೀಸರು ಮಣ್ಣು ಮಾಡಿ, ಕೈಯಲ್ಲಿದ್ದ ವಾಚನ್ನು ಇಟ್ಟುಕೊಂಡಿದ್ದರು. ಅವರ ಹೆಂಡತಿ ನನಗೆ ಫೋನ್ ಮಾಡಿ ಠಾಣೆಗೆ ಕರೆಸಿಕೊಂಡರು.

ನನ್ನ ಹುಚ್ಚು ಗೊತ್ತಿದ್ದ ಪೇದೆ ನಕ್ಕ. “ಬರ್ರಿ ಸರ್. ಹೆಣದ ಕೈಯಾಗಿನ ವಾಚ್ ಸೈತ ಬಿಡೂದಿಲ್ಲಲ್ರಿ ನೀವು!”

ಆ ಹೆಣ್ಣುಮಗಳು ನಗಲಿಲ್ಲ. “ಅಣ್ಣಾ, ಇಂಥಾ ವಾಚ್ ಊರಾಗ ಹತ್ತ ಮಂದಿ ಕೈಯಾಗ ಅದಾವ. ಒಳಗ ನಿಪ್ಪಾಣಿಯವ್ರ ಗೀಟ ಐತಿ ಅಂತ ನಮ್ಮವ್ರು ಹೇಳ್ತಿದ್ರು. ತೆಗದ ನೋಡ್ರಿ. ಇತ್ತಂದ್ರ ಇವತ್ತ ಬಳಿ ಒಡಕೋತೀನಿ. ಇಲ್ಲಂದ್ರ ಹುಡಕಾಕ ಹೋಗ್ತೀನಿ.”

ಚಾಕುವಿನ ತುದಿಯಿಂದ ಮುಚ್ಚಳ ಎಬ್ಬಿಸಿದೆ. ಒಳಗೆ ಒಂದೇ ಗೀಟು, ಯಾರದೋ, ಅರ್ಧ ತುಕ್ಕು ತಿಂದದ್ದು. ನನ್ನ ಡಬ್ಬಿಯದಿರಬಹುದು. ಇಲ್ಲದಿರಲೂಬಹುದು.

“ಐತೇನ್ರಿ?”

“ಇಲ್ಲ.”

“ನಿಪ್ಪಾಣಿಯವ್ರದು ಇಲ್ಲ ಹೌದಲ್ರಿ? ಖರೇ ನೋಡಿ ಹೇಳ್ರಿ.”

“ಇಲ್ಲವ್ವಾ. ಬೇರೆ ಯಾರದೋ ಕೈ.”

ಆಡಿದ ಒಂದು ಮಾತೂ ಸುಳ್ಳಲ್ಲ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತರು. “ಹಂಗಾರ ಅವರಲ್ಲ,” ಅಂದರು. ನಿಪ್ಪಾಣಿಯ ಗೀಟು ಇಲ್ಲ ಎಂಬುದರಿಂದ ಏನೂ ತಿಳಿಯುವುದಿಲ್ಲ, ಅದಿದ್ದ ಮುಚ್ಚಳವನ್ನು ನಾನೇ ಕದ್ದಿದ್ದೇನೆ ಎಂದು ಆಗಲೇ ಹೇಳಬೇಕಿತ್ತು. ಪೇದೆ ಎದುರಿಗಿದ್ದ. ನಾನು ಮುಚ್ಚಳ ಒತ್ತಿ ವಾಚು ತಿರುಗಿ ಕೊಟ್ಟೆ.

ಆಕೆ ಹುಡುಕಲು ಹೋದರು. ಮಿರಜ, ಕೊಲ್ಹಾಪುರ, ಪಂಢರಪುರ, ಯಾರು ಎಲ್ಲಿ ಕಂಡೆ ಅಂದರೂ ಅಲ್ಲಿಗೆ. ಕೆಲವು ವರ್ಷಗಳ ನಂತರ ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕೈತುಂಬ ಹಸಿರು ಬಳೆ, ಹೆಗಲಿಗೆ ಚೀಲ. ತೀರ ಸೊರಗಿದ್ದರು. “ನೀವು ತೆಗದ ನೋಡಿ ಹೇಳಿದ್ದಕ್ಕ ನನಗ ಧೈರ್ಯ ಬಂತ್ರಿ ಅಣ್ಣಾ. ಮನ್ಯಾಗ ಎಲ್ಲಾರೂ ಅವರು ಸತ್ತಾರಂತಾರ. ನಾ ಒಪ್ಪಿಲ್ಲ.” ಆಗಲೂ ಹೇಳಲಿಲ್ಲ. ಬಸ್ಸು ಬಂತು ಎಂದು ಬರೆಯಬಹುದು. ಬಸ್ಸು ಬರಲು ಇನ್ನೂ ಹೊತ್ತಿತ್ತು.

ಭೋಜದವರ ವಾಚಿಗೆ ಯಾವ ಮುಚ್ಚಳ ಹಾಕಿ ಕೊಟ್ಟೆನೆಂದು ನಾನು ಎಲ್ಲಿಯೂ ಬರೆದಿಟ್ಟಿಲ್ಲ, ನೆನಪೂ ಇಲ್ಲ. ಹೊಳೆದಂಡೆಯಲ್ಲಿ ಮಣ್ಣಾದವರು ಅವರೋ ಅಲ್ಲವೋ, ನನಗೆ ಗೊತ್ತಿಲ್ಲ.