ಎತ್ತಿಕೊಡುವವರಿಲ್ಲದ ಕೊಡ

“ಅಳಗಮ್ಮಾಳ್ ಪುಣ್ಯವಂತೆ ಕಣಮ್ಮ. ಮಗನೂ ಆಯ್ತು, ಮಗಳೂ ಆಯ್ತು, ಉಣ್ಣೋ ಬಾಯಿ ಮಾತ್ರ ಒಂದೇ.”

ಹನುಮಂತನಪಟ್ಟಿಯ ನೆರೆಹೊರೆಯವರು ಹೀಗೆ ಹೇಳಿ ನಗುತ್ತಿದ್ದರು. ಅಳಗಮ್ಮಾಳ್ ಹೆತ್ತು ಮೂಕಯ್ಯ ಎಂದು ಹೆಸರಿಟ್ಟ ಮಗ, ಮೀಸೆ ಮೂಡುವ ವಯಸ್ಸಿನಲ್ಲಿ ಸೀರೆ ಉಟ್ಟು, ತಾನು ಪೊನ್ನುತಾಯಿ ಎಂದಳು. ಹಳೆಯ ಹೆಸರು ಹಿಡಿದು ಕೂಗಿದವರತ್ತ ಆಮೇಲೆ ತಿರುಗಿಯೂ ನೋಡಲಿಲ್ಲ.

ಬಾವಿಕಟ್ಟೆಯಲ್ಲಿ ಒಂದು ರೂಢಿ. ತುಂಬಿದ ಹಿತ್ತಾಳೆ ಕೊಡವನ್ನು ಯಾವ ಹೆಂಗಸೂ ತಾನೇ ತಲೆಗೇರಿಸುವುದಿಲ್ಲ, ಪಕ್ಕದವಳು ಒಂದು ಕೈ ಕೊಡುತ್ತಾಳೆ. ಪೊನ್ನುತಾಯಿಗೆ ಯಾರೂ ಕೊಡಲಿಲ್ಲ. ಮಗುವಿನೊಂದಿಗೆ ತನ್ನ ಅಣ್ಣನ ಮನೆಯಲ್ಲಿ ಆಶ್ರಯ ಪಡೆದಿದ್ದ ವಿಧವೆ ತಾಯಿಗೂ ಧೈರ್ಯವಾಗಲಿಲ್ಲ. ಪೊನ್ನುತಾಯಿ ಕುಕ್ಕರಿಸಿ, ಕೊಡವನ್ನು ಮೊಣಕಾಲಿಗೆ, ಅಲ್ಲಿಂದ ಹೆಗಲಿಗೆ, ಅಲ್ಲಿಂದ ತಲೆಯ ಸಿಂಬಿಯ ಮೇಲಕ್ಕೆ ತಂದುಕೊಳ್ಳುವುದನ್ನು ಕಲಿತಳು. ಮೊದಮೊದಲು ಅರ್ಧ ನೀರು ಸೀರೆಗೇ.

ಅರವತ್ತನಾಲ್ಕನೇ ಇಸವಿಯ ಪೊಂಗಲ್ ಹಬ್ಬ. ಹೆಂಗಸರ ಕೊಡದ ಓಟಕ್ಕೆ ಅವಳೂ ಹೋಗಿ ಸಾಲಿನಲ್ಲಿ ನಿಂತಳು. ಓಟ ನಡೆಸುತ್ತಿದ್ದವನು ಅವರಿಗೆ ಆಶ್ರಯ ಕೊಟ್ಟಿದ್ದ ಆ ಸೋದರಮಾವನೇ, ಗುರುಸಾಮಿ.

“ಎತ್ತಾದ್ರೆ ಹಲ್ಲು ನೋಡಿ ಜೋಡಿ ಕಟ್ತೀವಿ. ನಿನ್ನ ಎಲ್ಲಿ ಕಟ್ಟಾದು?” ಅಂದ.

“ಎತ್ತಿಗೆ ಮಾತು ಬರಾದಿಲ್ಲ ಮಾಮಾ. ನನಗೆ ಬತ್ತದೆ. ನಾ ಇಲ್ಲೇ.”

ಹಿಂದಿನ ವರ್ಷ ಗೆದ್ದಿದ್ದ ತಿಲಗವತಿ ಮುಂದೆ ಬಂದಳು. “ನಿನ್ನ ಮೇಲೆ ಕೋಪ ಇಲ್ಲಡೀ. ಆದ್ರೆ ನಿಂದು ಹುಡುಗರ ಜತೆ ಓಡಿ ಬೆಳೆದ ಕಾಲು. ನನಗೆ ಬೀದಿ ದಾಟಾಕೂ ಬಿಡಲಿಲ್ಲ. ಇದು ನ್ಯಾಯವಾ?”

“ನಿನ್ನ ತಲೆ ಮೇಲೆ ಎಳೇ ವಯಸ್ಸಿನಾಗೇ ಕೊಡ ಇಟ್ರು ಅಕ್ಕಾ. ನನಗೆ ಮುಟ್ಟಾಕೂ ಬಿಡಲಿಲ್ಲ. ನಿನಗೆ ಕತ್ತು, ನನಗೆ ಕಾಲು. ಓಡಾಣ ಬಾ.”

ಹೆಂಗಸರು ಒಬ್ಬರಿಗೊಬ್ಬರು ತುಂಬಿದ ಕೊಡ ಎತ್ತಿಕೊಟ್ಟರು. ಪೊನ್ನುತಾಯಿಯ ಬಳಿಗೆ ಯಾರೂ ಬರಲಿಲ್ಲ. ಅವಳು ಕುಕ್ಕರಿಸಿದಳು. ಮೊಣಕಾಲು, ಹೆಗಲು, ತಲೆ.

“ನೋಡಿದ್ರಾ ಗಂಡಸಿನ ತೋಳು,” ಗುರುಸಾಮಿ ಕೂಗಿದ. “ಒಬ್ಬನೇ ಎತ್ತಿದ. ಆಚೆ ಬಾರೋ.”

“ಇವರಾಗೆ ಒಬ್ರು ಕೈ ಕೊಟ್ಟಿದ್ರೆ ಈ ತೋಳು ಬಲೀತಿತ್ತಾ ಮಾಮಾ?”

ಆಚೆ ಬರಲಿಲ್ಲ, ಓಡಿದಳು. ತಿಲಗವತಿಗಿಂತ ಒಂದು ಮಾರು ಮುಂದೆ, ಓಟದ ಗುರಿಯಾಗಿದ್ದ ಚಾವಡಿ ಮುಟ್ಟಿದಳು. ಗುರುಸಾಮಿ ಬಹುಮಾನದ ಕೊಡವನ್ನು ತಿಲಗವತಿಯ ಕೈಗೆ ಕೊಟ್ಟ.

“ಅವಳು ಗೆದ್ದಿದ್ದು ಸರೀಂತ ನಾ ಒಪ್ಪಲ್ಲ. ಇದು ನಂದೂ ಅಲ್ಲ,” ಎಂದು ತಿಲಗವತಿ ಅದನ್ನು ಚಾವಡಿ ಮೆಟ್ಟಿಲಲ್ಲೇ ಇಟ್ಟು ಹೋದಳು.

ಮರುದಿನ ಗುರುಸಾಮಿ ಒಂದು ಪಂಚೆ ತಂದು ಎಸೆದ. “ಇದನ್ನ ಉಟ್ಟರೆ ಈ ಮನೆ. ಇಲ್ಲಾಂದ್ರೆ ಬೀದಿ.”

ಪೊನ್ನುತಾಯಿ ಪಂಚೆಯನ್ನು ಮಡಿಸಿ ಅವನ ಪಕ್ಕದಲ್ಲೇ ಇಟ್ಟಳು. ತನ್ನ ಹಳೆಯ ಕೊಡಕ್ಕೆ ಎರಡು ಸೀರೆ ತುರುಕಿದಳು. ಬಾಗಿಲಲ್ಲಿ ನಿಂತಳು.

“ಅಮ್ಮಾ, ಒಂದು ಕೈ ಕೊಡು.”

“ಹಗುರ ಐತಲ್ಲೇ, ನೀನೇ ಎತ್ತು,” ಎಂದು ಅಳಗಮ್ಮಾಳ್ ಅಣ್ಣನ ಮುಖ ನೋಡಿದಳು.

“ಎತ್ತಾಕಾಗ್ದೆ ಕೇಳ್ತಿಲ್ಲಮ್ಮಾ.”

ಅಳಗಮ್ಮಾಳ್ ಎದ್ದು ಬಂದಳು. ಅಣ್ಣ ನೋಡುತ್ತಿರುವಂತೆಯೇ ಎರಡೂ ಕೈಯಲ್ಲಿ ಕೊಡವನ್ನು ಎತ್ತಿ, ಮಗಳ ತಲೆಯ ಮೇಲೆ ಇಟ್ಟಳು.

ಪೊನ್ನುತಾಯಿ ಕೊಡಕ್ಕೆ ಕೈ ತಾಗಿಸದೆ, ಎರಡೂ ತೋಳು ಬೀಸುತ್ತಾ, ಬೀದಿಯ ನಡುವೆಯೇ ನಡೆದುಹೋದಳು.