ಕೋಚ್ ಸಾಹೇಬರು ನೋಡಿದ್ದು

ಗರಗರ ಎಂದು ಕೆಮ್ಮಣ್ಣಿನ ಮೇಲೆ ಕಲ್ಲಿನ ರೋಲರ್ ಉರುಳುವ ಸದ್ದು. ಎಪ್ಪತ್ತರ ದಶಕದ ಕಲಘಟಗಿ ಎಂದರೆ ನನಗೆ ಮೊದಲು ಕೇಳಿಸುವುದು ಅದೇ. ನನ್ನವರು ಅಲ್ಲಿ ಸರಕಾರಿ ಡಾಕ್ಟರು. ಆಫೀಸರ್ಸ್ ಕ್ಲಬ್ಬಿನಲ್ಲಿ ಒಂದು ಹಳೆಯ ಟೆನಿಸ್ ಕೋರ್ಟ್ ಇತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಆಟ ಮರೆತುಹೋಗಬಾರದೆಂದು ದಿನಾ ಬೆಳಿಗ್ಗೆ ಹೋಗುತ್ತಿದ್ದೆ. ಜೊತೆಗೆ ಆಡುವವರಿರಲಿಲ್ಲ. ರೋಲರ್ ಎಳೆಯುವವನ ಮಗಳು ಪಿಯುಸಿ ಓದುತ್ತಿದ್ದಳು. ಅವಳ ಕೈಗೆ ನನ್ನ ಇನ್ನೊಂದು ರ‍್ಯಾಕೆಟ್ ಕೊಟ್ಟೆ. ಒಂದೂವರೆ ವರ್ಷದಲ್ಲಿ ಅವಳು ನನ್ನನ್ನು ಸ್ಟ್ರೇಟ್ ಸೆಟ್‌ಗಳಲ್ಲಿ ಸೋಲಿಸತೊಡಗಿದಳು.

ಆ ಬೇಸಿಗೆಯಲ್ಲಿ ಪಟ್ಟಣದ ಕಾಲೇಜೊಂದರ ಕೋಚ್ ಹುಡುಗಿಯರ ಟೀಮ್ ಕಟ್ಟುತ್ತಿದ್ದಾರೆಂದು ತಿಳಿಯಿತು. ಆಯ್ಕೆಯಾದವಳಿಗೆ ಬಿ.ಎ. ಸೀಟು, ಹಾಸ್ಟೆಲ್ ಪುಕ್ಕಟೆ. ಅದು ಸಿಗದಿದ್ದರೆ ಇವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ ಮದುವೆಯ ಮಾತು ಆಗಲೇ ಎದ್ದಿತ್ತು. ನಾನೇ ಪತ್ರ ಬರೆದು ಅವರನ್ನು ಕರೆಸಿದೆ.

ಊರಿನ ಜಮೀನುದಾರರ ಮಗಳೂ ಬಂದಿದ್ದಳು. ಇಬ್ಬರನ್ನೂ ಆಡಲು ಬಿಟ್ಟು ಕೋಚ್ ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕುಳಿತರು.

"ಹೊಡ್ತಾ ನಾ ಕಲಸ್ತೀನ್ರಿ, ಬಾಯಾರ. ಕಾಲು ಮಾತ್ರ ಹುಡುಗಿ ತನ್ನ ಮನಿಯಿಂದನ ತರಬೇಕು. ಮತ್ತ ಪಾಯಿಂಟ್ ಹೋದಾಗ ಮಾರಿ ನೋಡ್ತೀನಿ. ಅಳಬುರಕಿ ನನಗ ಬ್ಯಾಡ."

ವಾಟ್ ಎ ಜೆಂಟಲ್‌ಮನ್ ಎಂದುಕೊಂಡೆ. ಜಮೀನುದಾರರ ಮಗಳು ಎರಡು ಹೆಜ್ಜೆ ದೂರದ ಚೆಂಡಿಗೂ ಓಡಲಿಲ್ಲ. ನಮ್ಮವಳು ಅವಳಿಗೆ ಒಂದೇ ಗೇಮ್ ಬಿಟ್ಟುಕೊಟ್ಟಳು.

"ಅಗದಿ ಹುಲಿ ಅದ ನೋಡ್ರಿ ಇದು. ಜೂನ್‌ನಾಗ ಕಳಸಿಬಿಡ್ರಿ," ಎಂದು ಅವರು ತೊಡೆ ತಟ್ಟಿಕೊಂಡರು. ಖುಷಿಯಲ್ಲಿ ತಾವೇ ಎದ್ದು, ವರಾಂಡದ ಕೊಡದಿಂದ ಒಂದು ಗ್ಲಾಸು ನೀರು ತುಂಬಿ ಅವಳತ್ತ ಚಾಚಿದರು.

ಅವಳು ಗ್ಲಾಸು ಹಿಡಿಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಬಾಗಿ, ಬಾಯಿಯ ಹತ್ತಿರ ಬೊಗಸೆ ಒಡ್ಡಿ ನಿಂತಳು.

ಕೋಚ್ ಸಾಹೇಬರ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಗ್ಲಾಸನ್ನು ಮೇಲಕ್ಕೆತ್ತಿ, ತಾಕದಂತೆ, ಎತ್ತರದಿಂದ ನೀರು ಹೊಯ್ದರು. ಅವಳು ಕುಡಿದು, ಮುಖ ಒರೆಸಿಕೊಂಡು ಅಪ್ಪನ ಕಡೆ ನಡೆದಳು.

"ಯಾವ ಓಣಿಯಾಕಿರಿ ಇಕಿ?" ದನಿ ತಗ್ಗಿಸಿ ಕೇಳಿದರು. ಹೇಳಿದೆ.

"ಮೊದಲ ಹೇಳೂದಲ್ಲೇನ್ರಿ? ನನಗೇನಿಲ್ಲ ಬಿಡ್ರಿ, ನಾ ಇವೆಲ್ಲಾ ನೋಡಾಂವಲ್ಲ. ಹಾಸ್ಟೆಲ್‌ನಾಗ ಉಳದ ಹುಡುಗ್ಯಾರು ಒಂದ ಕೊಡದ ನೀರು ಕುಡೀತಾರ. ನಾಳೆ ಅವರ ಮನಿಯವರು ಬಂದು ನನ್ನ ಅಂಗಿ ಹಿಡೀತಾರ. ಆ ಇನ್ನೊಂದು ಹುಡುಗೀದು ಗ್ರಿಪ್ ಛಲೋ ಅದ. ಓಡೂದು ಕಲಸೂಣಂತ."

ಹೇಸಿಗೆಯಾಯಿತು. ಇಂದಿಗೂ ಆ ಬಿಳಿ ಕ್ಯಾನ್ವಾಸ್ ಬೂಟು, ಇಸ್ತ್ರಿ ಮಾಡಿದ ಪ್ಯಾಂಟು ನೆನಪಾದರೆ ಬಾಯಿ ಕಹಿಯಾಗುತ್ತದೆ. ಆದರೆ ಆ ಹೇಸಿಗೆ ಅವರೊಬ್ಬರಿಗೇ ಸಲ್ಲುವುದಲ್ಲ. ಆ ಕ್ಲಬ್ಬಿನಲ್ಲಿ ಅವಳಿಗೆ ಯಾರೂ ಗ್ಲಾಸು ಕೊಟ್ಟಿರಲಿಲ್ಲ. ಜವಾನ ಮೇಲಿನಿಂದ ಹೊಯ್ಯುತ್ತಿದ್ದ. ನನ್ನ ಮನೆಯ ಮೆಟ್ಟಿಲ ಬಳಿಯೂ ಅಷ್ಟೇ. ಸರ್ವಿಸ್ ಕಲಿಸಿದೆ, ಸ್ಕೋರ್ ಹೇಳುವುದನ್ನು ಕಲಿಸಿದೆ, 'ವೆಲ್ ಪ್ಲೇಯ್ಡ್' ಎನ್ನಲು ಕಲಿಸಿದೆ. ಒಂದೂವರೆ ವರ್ಷ ಅವಳು ಬೊಗಸೆಯಲ್ಲಿ ಕುಡಿಯುವುದನ್ನು ನೋಡುತ್ತ, ಪಕ್ಕದಲ್ಲೇ ಗ್ಲಾಸು ಹಿಡಿದು ಕುಡಿದೆ. ಅಂದು ಕೂಡ ಜಗಳವಾಡಲಿಲ್ಲ. ಸಾಹೇಬರಿಗೆ ಚಹಾ ಮಾಡಿಸಿದೆ. ಸಕ್ಕರೆ ಕಡಿಮೆಯಾಯಿತೆಂದರು. ಹಾಕಿಸಿದೆ.

ಅವಳನ್ನು ಕೊನೆಯ ಸಲ ಕಂಡದ್ದು ಜೂನ್‌ನಲ್ಲಿ, ನಮ್ಮ ಗೇಟಿನ ಹತ್ತಿರ. ಬಮ್ಮಿಗಟ್ಟಿಯ ಕಡೆ ಮದುವೆ ಗೊತ್ತಾಗಿತ್ತು. ಒಳಗೆ ಬಾ ಎಂದರೆ ಬರಲಿಲ್ಲ.

"ಬಾಯಾರ, ನನ್ನ ಆಟದಾಗ ಏನ್ ಕಡಿಮಿ ಬಿತ್ರಿ? ಸಾಹೇಬ್ರು ಏನಂದ್ರು?"

"ನಿನ್ನ ಬ್ಯಾಕ್‌ಹ್ಯಾಂಡ್ ಸ್ವಲ್ಪ ವೀಕ್ ಅಂದ್ರವಾ," ಎಂದೆ.

"ಹೌದೇನ್ರಿ," ಎಂದಳು. ಸೆರಗು ಸರಿಮಾಡಿಕೊಂಡು, "ಬರ್ತೀನ್ರಿ," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.