ಎರಡು ಬೀಗದ ಪೆಟ್ಟಿಗೆ

ನಮ್ಮ ಯಜಮಾನರು ತೀರಿಕೊಂಡ ದಿನ ಅವರ ಸೊಂಟದ ಉಡದಾರ ಬಿಚ್ಚಿದವರು, ಅದಕ್ಕೆ ಕಟ್ಟಿದ್ದ ಕೀಲಿಕೈಯನ್ನು ನನ್ನ ಕೈಗಿಟ್ಟರು. ನಮ್ಮ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿಕೈ ಅವರ ಹತ್ತಿರ, ಇನ್ನೊಂದರದು ನನ್ನ ಹತ್ತಿರ ಇರುತ್ತಿತ್ತು. ಎರಡೂ ನನ್ನಲ್ಲಿಗೇ ಬಂದ ಮೇಲೆ ಪೆಟ್ಟಿಗೆ ತೆಗೆಯಲು ನನ್ನಿಂದ ಆಗಲಿಲ್ಲ. ಅವರ ಜರಿ ಧೋತರ ಒಳಗಿತ್ತು. ದಿವಸದ ಪೂಜೆಗೆ ಇಡಲು ಅದು ಬೇಕೆಂದು ಮಗ ಕೇಳುತ್ತಲೇ ಇದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಕೊಟ್ಟೂರಿನ ಒಂದು ಸೊಸೈಟಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಒಳಗಿನ ಶೇಂಗಾ ಚೀಲಗಳು ಸೊಸೈಟಿಯವು, ಆದರೆ ಬ್ಯಾಂಕಿಗೆ ಅಡವಿಟ್ಟಿದ್ದವು. ಹಾಗಾಗಿ ಬಾಗಿಲಿಗೆ ಸೊಸೈಟಿಯದೊಂದು ಬೀಗ, ಬ್ಯಾಂಕಿನದೊಂದು ಬೀಗ. ಇಬ್ಬರೂ ಬಂದರಷ್ಟೇ ಬಾಗಿಲು ತೆರೆಯುತ್ತಿತ್ತು.

ಒಂದು ವರ್ಷ ಒಳ್ಳೆಯ ಹದ ಮಳೆಯಾಯಿತು. ಬಿತ್ತನೆ ಶೇಂಗಾ ಬಿಡಲು ಬ್ಯಾಂಕು ಒಪ್ಪಿತ್ತು. ಗೋದಾಮಿನ ಮುಂದೆ ಗುಡೇಕೋಟೆ ಕಡೆಯ ಗಾಡಿಗಳೂ ನಿಂತಿದ್ದವು. ನಾನು ಬುತ್ತಿ ತಂದಿದ್ದೆ. ಬ್ಯಾಂಕಿನ ಗುಮಾಸ್ತರಿಗೆ ಜ್ವರ ಬಂದು, ಕೀಲಿಕೈಯನ್ನು ಅವರ ಹೆಂಡತಿಯೇ ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

ನಮ್ಮ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು. "ಅಕ್ಕಾರ, ಅದನ್ನ ನನ್ನ ಕೈಗೆ ಕೊಡಬ್ಯಾಡ್ರಿ. ನಿಮ್ಮ ಬೀಗ ನೀವ ತೆಗೀರಿ."

ಒಬ್ಬ ರೈತ ರೇಗಿದ. "ಯಾರು ತೆಗೆದ್ರೇನ್ರಿ? ಹದ ಆರಾಕ ಹತ್ತೈತಿ!"

"ಎರಡೂ ನನ್ನ ಕೈಯಾಗ ಇದ್ರ ಬೀಗ ಎರಡ್ಯಾಕ ಬೇಕಪ್ಪ?"

ಆಕೆ ಬೀಗದೊಂದಿಗೆ ಒದ್ದಾಡಿದರು. "ನಮ್ಮನಿಯವ್ರಂಗ ಇದೂ ಹಠಮಾರಿ ಐತಿ ನೋಡ್ರಿ," ಅಂದಾಗ ಹಮಾಲರೆಲ್ಲ ನಕ್ಕರು. ರೇಗಿದ್ದವನೂ ನಕ್ಕ. ಬೀಗ ಬಿಚ್ಚಿಕೊಂಡಿತು. ಆಮೇಲೆ ಇವರು ತಮ್ಮದನ್ನು ತೆಗೆದರು.

ಆ ವಾರವೇ ಮನೆಯ ಪೆಟ್ಟಿಗೆಗೆ ಎರಡನೆಯ ಬೀಗ ಬಂತು. "ಒಂದು ನಿಂದು, ಒಂದು ನಂದು," ಅಂದರು. ತಮಾಷೆ ಅಂದುಕೊಂಡೆ. ಆದರೆ ನಾನು ಹಂಪಸಾಗರದ ತವರಿಗೆ ಹೋಗಿದ್ದಾಗ ಹಡಗಲಿಯ ಮದುವೆಗೆ ದಿನಾ ಉಡುವ ಧೋತರದಲ್ಲೇ ಹೋಗಿಬಂದರು. ಮಂದಿ ನಕ್ಕರಂತೆ. ಹಬ್ಬ ಬಂದರೆ ಪೆಟ್ಟಿಗೆಯ ಮುಂದೆ ಇಬ್ಬರೂ ಕೂರಬೇಕಿತ್ತು. ಮುನಿಸಿಕೊಂಡಿದ್ದರೂ ಅಲ್ಲಿ ಮಾತಾಡಲೇಬೇಕಾಗುತ್ತಿತ್ತು.

"ಎರಡೂ ನಿನ್ನ ಕೈಯಾಗ ಅದಾವಲ್ಲವ್ವ, ತೆಗಿ," ಎಂದು ಮಗ ಮತ್ತೆ ಅಂದ.

ಮರುದಿನ ಆ ಬ್ಯಾಂಕಿನ ಗುಮಾಸ್ತರ ಹೆಂಡತಿಯನ್ನು ಕರೆಸಿ, ನಮ್ಮ ಯಜಮಾನರ ಕೀಲಿಕೈಯನ್ನು ಆಕೆಯ ಕೈಗಿಟ್ಟೆ.

"ನಾನ್ಯಾಕ ತಂಗಿ?"

"ನನ್ನ ಕೈಯಾಗ ಎರಡೂ ಇರಬಾರದಕ್ಕ."

ಆಕೆ ಕಣ್ಣೊರೆಸಿಕೊಂಡು ಇವರ ಬೀಗ ತೆಗೆದರು. ಆಮೇಲೆ ನಾನು ನನ್ನದನ್ನು ತೆಗೆದೆ.